ಚರಂಡಿ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು?

ಮಳೆನೀರು ಚರಂಡಿಗಳ ಲೆಕ್ಕ ಹಾಕುವುದು ನನ್ನ ಕೆಲಸ. ಹೊಸ ಬಡಾವಣೆ ಬರಲಿ, ಹಳೆಯ ರಸ್ತೆ ಅಗಲವಾಗಲಿ, ಎಲ್ಲೋ ಒಂದು ಅಂಡರ್‌ಪಾಸ್ ತೋಡಲಿ, ಅಲ್ಲಿ ಎಷ್ಟು ಮಳೆ ಬೀಳುತ್ತದೆ, ಎಷ್ಟು ಹೊತ್ತಿನಲ್ಲಿ ಅದು ಎಲ್ಲಿ ಬಂದು ಸೇರುತ್ತದೆ, ಅದಕ್ಕೆ ಎಷ್ಟು ದೊಡ್ಡ ಪೈಪ್ ಬೇಕು ಅಂತ ಬರೆದುಕೊಡುತ್ತೇನೆ. ಈ ವರದಿಗಳನ್ನು ಪೂರ್ತಿ ಓದುವವರು ಕಡಿಮೆ. ಕೊನೆಯ ಪುಟದ ಟೇಬಲ್ ಮಾತ್ರ ಎಲ್ಲರೂ ನೋಡುತ್ತಾರೆ. ಆಮೇಲೆ ಮೀಟಿಂಗ್. ಅಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇಷ್ಟು ಮಾಡಿದರೆ ಇನ್ಮೇಲೆ ನೀರು ನಿಲ್ಲಲ್ಲ, ಅಲ್ವಾ?"

ನಿಲ್ಲುತ್ತದೆ. ಎಷ್ಟೇ ದುಡ್ಡು ಸುರಿದರೂ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಹಾಗಂತ ನೇರವಾಗಿ ಹೇಳಿದರೆ ಎದುರಿಗಿದ್ದವರ ಮುಖ ಹುಳ್ಳಗಾಗುತ್ತದೆ. "ಹಾಗಾದರೆ ನಿಮಗೆ ಫೀಸು ಯಾಕೆ ಕೊಡಬೇಕು?" ಅಂತ ಒಬ್ಬರು ನಗುತ್ತಲೇ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರತಿ ಚರಂಡಿಯ ಹಿಂದೆಯೂ ಒಂದು ಲೆಕ್ಕದ ಮಳೆ ಇರುತ್ತದೆ. ಗಂಟೆಗೆ ಇಷ್ಟು ಮಿಲಿಮೀಟರ್ ಬಂದರೆ ತಡೆದುಕೊಳ್ಳುತ್ತೇನೆ, ಅದರ ಮೇಲೆ ಬಂದರೆ ನನ್ನ ಕೈಲಾಗದು ಅನ್ನುವ ಗಡಿ ಅದು. ಮುಂಬೈನ ಹಳೆಯ ಮಳೆನೀರು ಕಾಲುವೆಗಳ ಗಡಿ ಗಂಟೆಗೆ 25 ಮಿ.ಮೀ. ಆಗಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಬಿತ್ತು. ನ್ಯೂಯಾರ್ಕ್‌ನ ಒಳಚರಂಡಿಯ ಗಡಿ ಗಂಟೆಗೆ ಸುಮಾರು 44 ಮಿ.ಮೀ. 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆ ಬಂದಾಗ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಗೆ 80 ಮಿ.ಮೀ. ದಾಖಲಾಯಿತು. ಅದೇ ವರ್ಷ ಜುಲೈ 20ರಂದು ಚೀನಾದ ಝೆಂಗ್‌ಝೌನಲ್ಲಿ ಒಂದು ಗಂಟೆಗೆ 201.9 ಮಿ.ಮೀ. ಒಂದು ಹೆಕ್ಟೇರ್ ಜಾಗದ ಮೇಲೆ ಅಂದರೆ ಇಪ್ಪತ್ತು ಲಕ್ಷ ಲೀಟರ್ ನೀರು, ಒಂದೇ ಗಂಟೆಯಲ್ಲಿ. ಇದಕ್ಕೆ ತಕ್ಕ ಪೈಪ್ ಹಾಕುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

"ಹಾಗಾದರೆ ಪೈಪ್ ಒಂದು ಸೈಜ್ ದೊಡ್ಡದು ಹಾಕಿಬಿಡಿ." ಇದು ಮೀಟಿಂಗ್‌ನ ಎರಡನೇ ಡೈಲಾಗು. ಇದರಲ್ಲಿ ಅರ್ಥ ಇಲ್ಲದಿಲ್ಲ. ಪೈಪ್‌ನ ವ್ಯಾಸ ಶೇ. 10 ಜಾಸ್ತಿ ಮಾಡಿದರೆ ಅದು ಸಾಗಿಸುವ ನೀರು ಶೇ. 29ರಷ್ಟು ಹೆಚ್ಚುತ್ತದೆ. ಹೊಸ ಬಡಾವಣೆಯಲ್ಲಿ ಹೇಗೂ ನೆಲ ಅಗೆಯುತ್ತೀರಿ, ಒಂದು ಸೈಜ್ ದೊಡ್ಡದೇ ಹಾಕಿ, ನಾನೂ ಅದನ್ನೇ ಹೇಳುತ್ತೇನೆ. ಹಳೆಯ ಊರಿನಲ್ಲಿ ಕಥೆ ಬೇರೆ. ರಸ್ತೆ ಕೆಳಗೆ ಕುಡಿಯುವ ನೀರಿನ ಪೈಪ್, ಕರೆಂಟ್ ಕೇಬಲ್, ಫೋನ್ ಕೇಬಲ್, ಗ್ಯಾಸ್ ಲೈನ್, ಇನ್ನು ಯಾರ ನಕ್ಷೆಯಲ್ಲೂ ಇಲ್ಲದ ಯಾವುದೋ ಹಳೆಯ ಮೋರಿ. ಪೈಪ್ ದೊಡ್ಡದು ಮಾಡಲು ಜಾಗವೇ ಇರುವುದಿಲ್ಲ. ಇದ್ದರೂ, ಮೇಲಿನ ಬಡಾವಣೆಯಿಂದ ನೀರನ್ನು ಬೇಗ ಬೇಗ ಸಾಗಿಸಿದರೆ ಅದು ಕೆಳಗಿನ ಬಡಾವಣೆಗೆ ಬೇಗ ಬೇಗ ತಲುಪುತ್ತದೆ, ಅಷ್ಟೇ. ಮೇಲಿನವರಿಗೆ ಸಮಾಧಾನ, ಕೆಳಗಿನವರಿಗೆ ಹೊಸ ತಲೆನೋವು. ಇನ್ನು ಕಾಲುವೆ ಹೋಗಿ ಸೇರುವ ನದಿಯೋ ಸಮುದ್ರವೋ ಆ ಹೊತ್ತಿಗೆ ಉಬ್ಬಿ ನಿಂತಿದ್ದರೆ, ನಿಮ್ಮ ದೊಡ್ಡ ಪೈಪ್ ಒಳಗೆ ನೀರು ಹಿಂದಕ್ಕೇ ಬರುತ್ತದೆ.

"ನೂರು ವರ್ಷಕ್ಕೊಮ್ಮೆ ಬರುವ ಮಳೆ" ಅನ್ನುವ ಮಾತಿನ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ, ಇದರಿಂದ ಆಗುವ ಗೊಂದಲ ಕಡಿಮೆಯೇನಲ್ಲ. ಈ ವರ್ಷ ಬಂತು, ಇನ್ನು ನೂರು ವರ್ಷ ನಿಶ್ಚಿಂತೆ ಅಂತ ಜನ ತಿಳಿಯುತ್ತಾರೆ. ಲೆಕ್ಕ ಹಾಗಿಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಾಧ್ಯತೆ ಶೇ. 1. ಮುಂದಿನ ವರ್ಷವೂ ಮತ್ತೆ ಶೇ. 1. ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಂಡವರು ಸಾಲ ತೀರಿಸುವುದರೊಳಗೆ ಅಂಥ ಮಳೆಯನ್ನು ಕನಿಷ್ಠ ಒಮ್ಮೆ ನೋಡುವ ಸಾಧ್ಯತೆ ಶೇ. 26. ನಾಲ್ಕರಲ್ಲಿ ಒಂದು ಪಾಲು! ಇದು ಮಳೆಯ ಸ್ವಭಾವ ಬದಲಾಗದೆ ಇದ್ದರೆ ಮಾತ್ರ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ. ಮೋಡ ಒಡೆದಾಗ ಸುರಿಯುವುದೂ ಜಾಸ್ತಿ. ನಾವು ಲೆಕ್ಕಕ್ಕೆ ಬಳಸುವ ಮಳೆಯ ದಾಖಲೆಗಳಾದರೋ ಕಳೆದ ಶತಮಾನದವು. ನಿನ್ನೆಯ ಆಕಾಶ ನೋಡಿಕೊಂಡು ನಾಳೆಯ ಚರಂಡಿ ಕಟ್ಟುತ್ತಿದ್ದೇವೆ. ಕೆಲವು ದೇಶಗಳಲ್ಲಿ ಹಳೆಯ ಅಂಕಿಯ ಮೇಲೆ ಇಷ್ಟು ಶೇಕಡಾ ಸೇರಿಸಿ ಅಂತ ನಿಯಮವೇ ಇದೆ. ನಿಯಮ ಇಲ್ಲದ ಕಡೆ ನಾನು ಸುಮ್ನೆ ಸೇರಿಸಿಬಿಡುತ್ತೇನೆ. ಯಾಕೆ ಅಂತ ಕೇಳಿದವರಿಗೆ ವಿವರಿಸುತ್ತೇನೆ, ಕೇಳುವವರು ಕಡಿಮೆ.

ಆಕಾಶದ ಮೇಲೆ ಎಲ್ಲ ತಪ್ಪು ಹೊರಿಸುವುದೂ ಸರಿಯಲ್ಲ. ಹತ್ತು ಹೆಕ್ಟೇರ್ ಬಯಲು ಇದೆ ಅಂತಿಟ್ಟುಕೊಳ್ಳಿ. ಹುಲ್ಲು, ಪೊದೆ, ಮಣ್ಣು. ಗಂಟೆಗೆ 60 ಮಿ.ಮೀ. ಮಳೆ ಬಂದರೆ ಅದರಲ್ಲಿ ಐದನೇ ಒಂದು ಭಾಗ ಹರಿದು ಬರುತ್ತದೆ ಅಂತ ಲೆಕ್ಕ ಹಿಡಿದರೆ ಸೆಕೆಂಡಿಗೆ ಸುಮಾರು 333 ಲೀಟರ್. ಅದೇ ಜಾಗಕ್ಕೆ ಕಾಂಕ್ರೀಟ್, ಟಾರು, ಟೈಲ್ಸ್, ಛಾವಣಿ ಹಾಸಿ. ಈಗ ಐದರಲ್ಲಿ ನಾಲ್ಕು ಭಾಗ ಹರಿಯುತ್ತದೆ. ಸೆಕೆಂಡಿಗೆ 1,333 ಲೀಟರ್. ಮಳೆ ಅಷ್ಟೇ, ನೀರು ನಾಲ್ಕು ಪಟ್ಟು. ಜೊತೆಗೆ ನುಣುಪಾದ ನೆಲದ ಮೇಲೆ ನೀರು ಓಡೋಡಿ ಬರುವುದರಿಂದ ಎಲ್ಲ ಕಡೆಯ ನೀರೂ ಒಂದೇ ಹೊತ್ತಿಗೆ ಬಂದು ಸೇರುತ್ತದೆ. ಈ ಲೆಕ್ಕದ ವಿಧಾನ ನನ್ನದಲ್ಲ, ಅಮೆರಿಕದ ರೋಚೆಸ್ಟರ್‌ನ ಎಂಜಿನಿಯರ್ ಎಮಿಲ್ ಕುಯ್‌ಕ್ಲಿಂಗ್ 1889ರಲ್ಲೇ ಬರೆದಿಟ್ಟದ್ದು. ನೂರಮೂವತ್ತು ವರ್ಷ ದಾಟಿದರೂ ಬಡಾವಣೆಗೆ ಅನುಮತಿ ಕೊಡುವ ಟೇಬಲ್ ತನಕ ಅದು ಇನ್ನೂ ಸರಿಯಾಗಿ ತಲುಪಿಲ್ಲ ಅನ್ನಿಸುತ್ತದೆ ನನಗೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಎರಡು ನಕ್ಷೆ ಮಾಡುತ್ತೇನೆ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ: ಪೈಪ್‌ಗಳು, ಮ್ಯಾನ್‌ಹೋಲ್‌ಗಳು, ಇಳಿಜಾರು. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಆದರೂ ಮಾಡುತ್ತೇನೆ. ಅದರಲ್ಲಿ ಎಲ್ಲ ಪೈಪ್‌ಗಳೂ ತುಂಬಿಹೋಗಿವೆ ಅಂತ ಊಹಿಸಿ, ಬರೀ ನೆಲದ ಏರುತಗ್ಗುಗಳ ಮೇಲೆ ನೀರು ಬಿಡುತ್ತೇನೆ. ಲೇಸರ್ ಸರ್ವೇಯಿಂದ ಬಂದ ಎತ್ತರದ ದತ್ತಾಂಶ ಇದ್ದರೆ ಒಂದು ಅಂಗೈ ಎತ್ತರದ ಅಂಚು ಕೂಡ ಗೊತ್ತಾಗುತ್ತದೆ. ಆಗ ಪರದೆಯ ಮೇಲೆ ನೀಲಿ ಕಾಣಲು ಶುರುವಾಗುತ್ತದೆ. ಈ ರಸ್ತೆ ಕಾಲುವೆಯಾಯಿತು. ಈ ಸರ್ಕಲ್ ಕೆರೆಯಾಯಿತು. ಇಲ್ಲಿ ನೀರು ಕಾಂಪೌಂಡ್ ಗೋಡೆಗೆ ಬಡಿದು ಎಡಕ್ಕೆ ತಿರುಗಿ ಸೀದಾ ಒಂದು ಬೇಸ್‌ಮೆಂಟ್‌ಗೆ ಇಳಿಯಿತು.

ನನ್ನ ಮಟ್ಟಿಗೆ ಪ್ರವಾಹ ತಡೆಯುವ ನಗರ ಯೋಜನೆ ಅಂದರೆ ಈ ಎರಡನೇ ನಕ್ಷೆಯೇ. ನೀರು ಎಲ್ಲಿ ನಿಲ್ಲಬೇಕು, ಯಾವ ರಸ್ತೆಯಲ್ಲಿ ಹರಿಯಬೇಕು, ಎಲ್ಲಿಗೆ ಏನೇ ಆದರೂ ಹೋಗಬಾರದು ಅನ್ನುವುದನ್ನು ನಾವೇ ಮೊದಲು ಕೂತು ತೀರ್ಮಾನ ಮಾಡುವುದು. ನಾವು ತೀರ್ಮಾನ ಮಾಡದಿದ್ದರೂ ನೀರಂತೂ ಎಲ್ಲೋ ಒಂದು ಕಡೆ ಹೋಗಿಯೇ ಹೋಗುತ್ತದೆ. ಸಾಮಾನ್ಯವಾಗಿ ತಗ್ಗಿನಲ್ಲಿ ಜಾಗ ಅಗ್ಗ ಅಂತ ಮನೆ ಮಾಡಿಕೊಂಡವರ ಕಡೆಗೆ. ಐಡಾ ಮಳೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಮಂದಿಯಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿ ಇದ್ದವರು.

ಇದನ್ನು ಇಡೀ ನಗರದ ಮಟ್ಟದಲ್ಲಿ ಮಾಡಹೊರಟದ್ದು ಕೋಪನ್‌ಹೇಗನ್. 2011ರ ಜುಲೈ 2ರಂದು ಅಲ್ಲಿನ ಕೆಲವು ಭಾಗಗಳಲ್ಲಿ ಎರಡು ಗಂಟೆಗಳಲ್ಲಿ ಸುಮಾರು 150 ಮಿ.ಮೀ. ಸುರಿಯಿತು. ಮಾರನೇ ವರ್ಷವೇ ಅವರು ಜಡಿಮಳೆಗೆಂದೇ ಒಂದು ಯೋಜನೆ ತಂದರು, ಸುಮಾರು 300 ಕಾಮಗಾರಿಗಳದ್ದು. ನನಗೆ ಇಷ್ಟವಾದದ್ದು ಅವರು ಇಟ್ಟುಕೊಂಡ ಗುರಿ. ಒಳಚರಂಡಿ ತುಂಬಿ ನೀರು ಮೇಲೆ ಬರುವುದು ಹತ್ತು ವರ್ಷಕ್ಕೊಮ್ಮೆಗಿಂತ ಜಾಸ್ತಿ ಆಗಬಾರದು. ನೂರು ವರ್ಷಕ್ಕೊಮ್ಮೆಯ ಮಳೆಯಲ್ಲೂ ರಸ್ತೆಯ ಮೇಲೆ ನಿಲ್ಲುವ ನೀರು 10 ಸೆಂಟಿಮೀಟರ್ ದಾಟಬಾರದು. ನೋಡಿ, ನೀರೇ ನಿಲ್ಲುವುದಿಲ್ಲ ಅಂತ ಎಲ್ಲೂ ಹೇಳಿಲ್ಲ. ಹತ್ತು ಸೆಂಟಿಮೀಟರ್ ನಿಲ್ಲುತ್ತದೆ, ಅಷ್ಟಕ್ಕೆ ಸಿದ್ಧರಾಗಿ ಅಂತ ಹೇಳಿದ್ದಾರೆ. ಒಂದು ಸರ್ಕಾರಿ ಕಾಗದದಲ್ಲಿ ಇಷ್ಟು ಪ್ರಾಮಾಣಿಕ ವಾಕ್ಯ ಸಿಗುವುದು ಅಪರೂಪ.

ಹತ್ತೇ ಯಾಕೆ ಅಂದರೆ, ಹತ್ತು ಸೆಂ.ಮೀ. ನೀರಿನಲ್ಲಿ ಮನುಷ್ಯ ನಡೆಯಬಹುದು, ಆಂಬುಲೆನ್ಸ್ ಹೋಗಬಹುದು, ಹೊಸ್ತಿಲು ಸ್ವಲ್ಪ ಎತ್ತರ ಇದ್ದರೆ ಮನೆಯೊಳಗೆ ಬರುವುದಿಲ್ಲ. ರಭಸವಾಗಿ ಹರಿಯುವ 15 ಸೆಂ.ಮೀ. ನೀರು ದೊಡ್ಡವರನ್ನೂ ಬೀಳಿಸಬಲ್ಲದು. 30 ಸೆಂ.ಮೀ. ಇದ್ದರೆ ಸಣ್ಣ ಕಾರುಗಳು ತೇಲಿಹೋಗುತ್ತವೆ. ಅನಾನುಕೂಲಕ್ಕೂ ಅಪಾಯಕ್ಕೂ ನಡುವೆ ಇರುವುದು ಒಂದು ಗೇಣು ಮಾತ್ರ. ನನ್ನ ಕೆಲಸವೆಲ್ಲ ಆ ಗೇಣಿನೊಳಗೇ ನಡೆಯುತ್ತದೆ.

ರಸ್ತೆಯನ್ನೇ ತೆಗೆದುಕೊಳ್ಳಿ. ನಡುವೆ ಉಬ್ಬು, ಎರಡೂ ಬದಿಗೆ ಇಳಿಜಾರು, ಇದು ಮಾಮೂಲಿ ರೂಪ. ಜಾಸ್ತಿ ನೀರು ಬಂದರೆ ಅದು ಬದಿಗೆ ಸರಿದು ಫುಟ್‌ಪಾತ್ ಹತ್ತಿ ಅಂಗಡಿ, ಮನೆಗಳಿಗೆ ನುಗ್ಗುತ್ತದೆ. ನೀರು ಹರಿಯಲಿ ಅಂತಲೇ ಮಾಡುವ ರಸ್ತೆಯನ್ನು ತಿರುಗುಮುರುಗು ಮಾಡುತ್ತಾರೆ. ನಡುವೆ ತಗ್ಗು, ಬದಿಯ ಅಂಚುಕಲ್ಲು ಎತ್ತರ. ಆ ಒಂದು ದಿನ ರಸ್ತೆ ಕಾಲುವೆಯಾಗುತ್ತದೆ, ಉಳಿದ ದಿನ ರಸ್ತೆ. ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಡ, ರಸ್ತೆ ಹಾಕುವಾಗಲೇ ಲೆವೆಲ್ ಸರಿಯಾಗಿ ಹಿಡಿದರೆ ಸಾಕು. ಬೇಸ್‌ಮೆಂಟ್ ರ‍್ಯಾಂಪ್‌ನ ಬಾಯಲ್ಲಿ ಒಂದು ಉಬ್ಬು ಕೊಡಿ ಅಂತ ನಾನು ಆರ್ಕಿಟೆಕ್ಟ್‌ಗಳ ಹತ್ತಿರ ಎಷ್ಟು ಜಗಳ ಆಡಿದ್ದೇನೋ. ಕಾರಿನ ತಳ ತಾಗುತ್ತದೆ, ನೋಡಲು ಚೆನ್ನಾಗಿರಲ್ಲ, ಅವರ ಉತ್ತರ ಯಾವಾಗಲೂ ಸಿದ್ಧ. ಅದೇ ಕಟ್ಟಡದ ಕರೆಂಟ್ ಪ್ಯಾನೆಲ್, ಜನರೇಟರ್, ನೀರೆತ್ತುವ ಪಂಪ್, ಮೂರೂ ಆ ಬೇಸ್‌ಮೆಂಟ್‌ನಲ್ಲೇ ಇರುತ್ತವೆ. ನೀರು ನುಗ್ಗಿದರೆ ಮೊದಲು ಹೋಗುವುದು ಕರೆಂಟ್, ಆಮೇಲೆ ನೀರನ್ನು ಹೊರಗೆ ಹಾಕಬೇಕಾದ ಪಂಪ್. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬದಲಿ ವಿದ್ಯುತ್ ಕೈಕೊಟ್ಟು, 300ಕ್ಕೂ ಹೆಚ್ಚು ರೋಗಿಗಳನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಬೇಕಾಯಿತು. ಇದಾದ ಮೇಲೂ ಜನರೇಟರ್ ನೆಲದಡಿಗೆ ಇಡುವ ಡ್ರಾಯಿಂಗ್‌ಗಳು ನನ್ನ ಟೇಬಲ್‌ಗೆ ಬರುತ್ತಲೇ ಇವೆ.

ಸಿಂಗಪುರದವರು ಇಂಥದ್ದನ್ನು ಜಗಳಕ್ಕೆ ಬಿಟ್ಟಿಲ್ಲ, ನಿಯಮ ಮಾಡಿದ್ದಾರೆ. ಕಟ್ಟಡದ ನೆಲ ಕನಿಷ್ಠ ಇಷ್ಟು ಎತ್ತರ ಇರಬೇಕು, ನೆಲದಡಿಯ ಜಾಗಕ್ಕೆ ಇಳಿಯುವ ಬಾಯಿ ಇನ್ನೂ ಎತ್ತರ ಇರಬೇಕು. 2014ರಿಂದ 0.2 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದ ಹೊಸ ನಿರ್ಮಾಣಗಳು ತಮ್ಮ ಜಾಗದ ಮಳೆನೀರನ್ನು ಸ್ವಲ್ಪ ಹೊತ್ತು ತಾವೇ ತಡೆದಿಟ್ಟು, ನಿಧಾನವಾಗಿ ಬಿಡಬೇಕು. ಇದು ಒಳ್ಳೆಯ ನಿಯಮವೇ, ಆದರೆ ಕಣ್ಣುಮುಚ್ಚಿ ನಕಲು ಮಾಡುವವರಿಗೆ ಒಂದು ಎಚ್ಚರಿಕೆ. ಕಣಿವೆಯ ಕೆಳಭಾಗದಲ್ಲಿ ಇರುವ ಬಡಾವಣೆಯ ನೀರು ಬೇಗ ನದಿ ಸೇರಿ ಹೋಗಿಬಿಟ್ಟರೆ ಒಳ್ಳೆಯದು. ಅದನ್ನು ಎರಡು ಗಂಟೆ ತಡೆದು ಬಿಟ್ಟರೆ, ಮೇಲಿನಿಂದ ಬರುವ ದೊಡ್ಡ ಅಲೆಯ ಜೊತೆ ಸರಿಯಾಗಿ ಹೋಗಿ ಕೂಡಿಕೊಳ್ಳಬಹುದು. ತಡೆಯುವುದೇ ಪುಣ್ಯ ಅಂತ ಎಲ್ಲೆಡೆ ತೊಟ್ಟಿ ಕಟ್ಟಿಸಿದರೆ ಕೆಲವು ಕಡೆ ಪ್ರವಾಹ ಜಾಸ್ತಿಯೇ ಆಗುತ್ತದೆ. ಹಾಗಾಗಿ ಇಡೀ ಕಣಿವೆಯ ಲೆಕ್ಕ ಒಟ್ಟಿಗೆ ಹಾಕಬೇಕು. ಒಬ್ಬೊಬ್ಬ ಬಿಲ್ಡರ್ ತನ್ನ ಸೈಟಿನ ವರದಿ ಮಾತ್ರ ಕೊಡುವ ಪದ್ಧತಿಯಲ್ಲಿ ಇದು ಹೊಳೆಯುವುದೇ ಇಲ್ಲ.

ಸ್ಪಾಂಜ್ ಸಿಟಿ, ಅಂದರೆ ಮಳೆನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುವ ನಗರ, ಇದರ ಬಗ್ಗೆ ತುಂಬಾ ಜನ ಕೇಳುತ್ತಾರೆ. ಭೂದೃಶ್ಯ ವಿನ್ಯಾಸಕಾರ ಯು ಕೊಂಗ್‌ಜಿಯಾನ್ ಬಹಳ ವರ್ಷ ಪ್ರತಿಪಾದಿಸಿದ ವಿಚಾರ ಅದು. ಅವರು 2025ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಾಂಕ್ರೀಟ್ ಕಿತ್ತು ಹುಲ್ಲು, ಜೌಗು, ಕೊಳ ಮಾಡಿ, ನೀರು ನಿಧಾನಿಸಲಿ, ಇಂಗಲಿ ಅನ್ನುವ ಅವರ ಮಾತು ನನಗೂ ಒಪ್ಪಿಗೆ. ಚೀನಾ 2015ರಲ್ಲಿ 16 ನಗರಗಳಲ್ಲಿ ಇದನ್ನು ಶುರು ಮಾಡಿತು. ಝೆಂಗ್‌ಝೌ ಕೂಡ ಈ ಕೆಲಸಕ್ಕೆ ಸಾಕಷ್ಟು ಹಣ ಹಾಕಿತ್ತು. ಆದರೂ 2021ರ ಆ ದಿನ ಅಲ್ಲಿನ ಮೆಟ್ರೋದಲ್ಲಿ 14 ಮಂದಿ ಸತ್ತರು. "ನೋಡಿ, ಸ್ಪಾಂಜ್ ಫೇಲ್ ಆಯ್ತು" ಅಂತ ತುಂಬಾ ಜನ ಬರೆದರು. ಇದು ಲೆಕ್ಕ ಗೊತ್ತಿಲ್ಲದ ಮಾತು. ಚೀನಾದ ಗುರಿ ವರ್ಷದ ಮಳೆಯಲ್ಲಿ ಶೇ. 70ರಷ್ಟನ್ನು ಹಿಡಿದಿಡುವುದು. ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಸಣ್ಣಪುಟ್ಟ ಮಳೆಗಳೇ. ಅವನ್ನೆಲ್ಲ ಹುಲ್ಲು, ಮಣ್ಣು ಹಿಡಿದುಕೊಂಡರೆ ಗುರಿ ಮುಟ್ಟಿದಂತೆ. ಗಂಟೆಗೆ 200 ಮಿ.ಮೀ. ಬಂದ ದಿನ ಮೊದಲ ಸ್ವಲ್ಪ ಹೊತ್ತಿನಲ್ಲೇ ಮಣ್ಣು ತುಂಬಿರುತ್ತದೆ, ಉಳಿದದ್ದೆಲ್ಲ ಮೇಲಿನಿಂದಲೇ ಹರಿಯುತ್ತದೆ. ಆ ನೀರಿಗೆ ದಾರಿ ಎಲ್ಲಿ, ಮೆಟ್ರೋ ಬಾಗಿಲು ಯಾವ ಎತ್ತರದಲ್ಲಿದೆ, ರೈಲು ಯಾವಾಗ ನಿಲ್ಲಿಸಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಹಸಿರು ಮಾಡಿದ್ದೇವೆ ಅಂದಾಕ್ಷಣ ಆ ಪ್ರಶ್ನೆಯನ್ನು ಕೈಬಿಡುವುದೇ ಅಪಾಯ.

ರಾಟರ್‌ಡ್ಯಾಮ್‌ನ ಬೆಂಥೆಮ್‌ಪ್ಲೈನ್ ಚೌಕ ನನಗೆ ಇಷ್ಟ, ಅಲ್ಲಿ ಸಣ್ಣ ಮಳೆಗೂ ದೊಡ್ಡ ಮಳೆಗೂ ಏರ್ಪಾಡು ಕಾಣುತ್ತದೆ. 2013ರಲ್ಲಿ ತೆರೆದದ್ದು. ಮೂರು ತಗ್ಗು ಅಂಗಳಗಳು, ಒಟ್ಟು 17 ಲಕ್ಷ ಲೀಟರ್ ನೀರು ಹಿಡಿಯುತ್ತವೆ. ಎರಡು ಮಾಮೂಲಿ ಮಳೆಗೇ ತುಂಬುತ್ತವೆ. ಮೂರನೆಯದು, ಆಳವಾದದ್ದು, ಆಟದ ಅಂಕಣ. ಜೋರು ಮಳೆ ಎಡೆಬಿಡದೆ ಸುರಿದರೆ ಮಾತ್ರ ಅಲ್ಲಿಗೆ ನೀರು. ಉಳಿದ ದಿನ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಟೋಕಿಯೋ ಹತ್ತಿರ ಕಸುಕಾಬೆಯಲ್ಲಿ 50 ಮೀಟರ್ ಆಳದಲ್ಲಿ 6.3 ಕಿಲೋಮೀಟರ್ ಸುರಂಗ ಇದೆ, 2006ರಲ್ಲಿ ಮುಗಿದದ್ದು. ಎಂಜಿನಿಯರ್ ಆಗಿ ನೋಡಿದರೆ ಬೆರಗಾಗುತ್ತದೆ. ಆದರೆ ಪ್ರತಿ ಊರಿಗೂ ಅಂಥದ್ದು ಕಟ್ಟುವ ದುಡ್ಡು ಯಾರ ಹತ್ತಿರವೂ ಇಲ್ಲ. ತಗ್ಗಿನಲ್ಲಿ ಆಟದ ಅಂಕಣ ಮಾಡುವುದು ಎಲ್ಲ ಊರಿಗೂ ಆಗುವ ಕೆಲಸ.

ಕಷ್ಟ ಶುರುವಾಗುವುದು ಇಲ್ಲಿಂದ. ಈ ಪಾರ್ಕಿಗೆ ನೀರು ಬಿಡೋಣ, ಈ ಪಾರ್ಕಿಂಗ್ ಜಾಗ ವರ್ಷಕ್ಕೊಮ್ಮೆ ಮುಳುಗಲಿ ಅಂದಾಕ್ಷಣ, "ನಮ್ಮ ಪಾರ್ಕೇ ಯಾಕೆ?" ಅನ್ನುವ ದನಿ ಏಳುತ್ತದೆ. ಸಹಜ. ಮುಳುಗುವ ಜಾಗವನ್ನು ಕಾಗದದ ಮೇಲೆ ಗುರುತು ಮಾಡಿದರೆ ಜವಾಬ್ದಾರಿ ಗುರುತು ಮಾಡಿದವರ ಮೇಲೆ ಬರುತ್ತದೆ. ಗುರುತು ಮಾಡದೆ ಮುಳುಗಿದರೆ ಅದು ದೇವರ ಆಟ. ಯಾವ ಅಧಿಕಾರಿಗಾದರೂ ಎರಡನೆಯದೇ ಸುಲಭ. ಅಮೆರಿಕದ ಭೂಗೋಳ ತಜ್ಞ ಗಿಲ್ಬರ್ಟ್ ವೈಟ್ 1945ರಲ್ಲೇ ಇದನ್ನು ಗಮನಿಸಿದ್ದರು. ಪ್ರವಾಹ ತರುವುದು ಪ್ರಕೃತಿಯಾದರೂ ನಷ್ಟದ ದೊಡ್ಡ ಪಾಲು ಮನುಷ್ಯ ತಾನೇ ತಂದುಕೊಂಡದ್ದು ಅನ್ನುವುದು ಅವರ ವಾದ. ನದಿ ದಂಡೆಗೆ ಏರಿ ಕಟ್ಟಿದ ಮೇಲೆ ಜನರಿಗೆ ಧೈರ್ಯ ಬಂದು ಅದರ ಹಿಂದೆ ಇನ್ನಷ್ಟು ಮನೆ ಕಟ್ಟುತ್ತಾರೆ. ಏರಿ ಒಡೆದ ದಿನ ನಷ್ಟ ಮೊದಲಿಗಿಂತ ಜಾಸ್ತಿ.

ನೆದರ್‌ಲ್ಯಾಂಡ್ಸ್‌ನವರು ಏರಿ ಕಟ್ಟುವುದರಲ್ಲಿ ನಿಪುಣರು. 1995ರಲ್ಲಿ ನದಿಗಳು ಉಕ್ಕಿ ಸುಮಾರು 2.5 ಲಕ್ಷ ಜನರನ್ನು ಸ್ಥಳಾಂತರ ಮಾಡಬೇಕಾಗಿ ಬಂದ ಮೇಲೆ ಅವರೇ ಪಟ್ಟು ಬದಲಿಸಿದರು. ನೈಮೇಗೆನ್‌ನಲ್ಲಿ ಏರಿಯನ್ನು ಎತ್ತರಿಸುವ ಬದಲು 350 ಮೀಟರ್ ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟರು. ಅದಕ್ಕಾಗಿ ಸುಮಾರು 50 ಮನೆ ಕೆಡವಬೇಕಾಯಿತು. ನದಿಯ ನಡುವೆ ಒಂದು ದ್ವೀಪ ಉಳಿದು ಈಗ ಜನ ಅಲ್ಲಿ ಸುತ್ತಾಡುತ್ತಾರೆ. ಫೋಟೋಗಳಲ್ಲಿ ಆ ದ್ವೀಪ ಕಾಣುತ್ತದೆ, ಆ ಐವತ್ತು ಮನೆ ಕಾಣುವುದಿಲ್ಲ. ಹಾಗಂತ ಆ ಯೋಜನೆ ತಪ್ಪು ಅನ್ನುತ್ತಿಲ್ಲ. ಮನೆ ಬಿಟ್ಟವರಿಗೆ ಪರಿಹಾರ, ಮಾತುಕತೆ, ಸಮಯ, ಮೂರೂ ಬಜೆಟ್‌ನ ಮೊದಲ ಪುಟದಲ್ಲಿ ಇರಬೇಕು ಅಂತ ಹೇಳುತ್ತಿದ್ದೇನೆ.

ಈಚೆಗೆ ನನಗೆ ಹೆಚ್ಚು ಕಾಡುತ್ತಿರುವುದು ಇಷ್ಟು ದೊಡ್ಡ ವಿಷಯ ಅಲ್ಲ, ಟಾರು. ನಾವು ಲೆಕ್ಕ ಹಾಕಿ, ಜಗಳ ಆಡಿ, ರಸ್ತೆಯನ್ನು ಮನೆಗಳ ಹೊಸ್ತಿಲಿಗಿಂತ ಒಂದು ಗೇಣು ಕೆಳಗೆ ಇಡಿಸುತ್ತೇವೆ. ಕೆಲವು ವರ್ಷ ಕಳೆದು ರಸ್ತೆ ಹಾಳಾಗುತ್ತದೆ. ಹಳೆಯ ಪದರ ಕೆರೆದು ತೆಗೆಯದೆ ಅದರ ಮೇಲೇ ಹೊಸ ಟಾರು ಹಾಕುತ್ತಾರೆ, ನಾಲ್ಕೈದು ಸೆಂಟಿಮೀಟರ್. ಇನ್ನೊಮ್ಮೆ ಹಾಳಾಗುತ್ತದೆ, ಇನ್ನೊಂದು ಪದರ. ಐದನೇ ಸಲಕ್ಕೆ ಗೇಣು ಮುಗಿಯಿತು, ರಸ್ತೆಯೇ ಹೊಸ್ತಿಲಿನ ಮಟ್ಟಕ್ಕೆ ಬಂತು. ನೀರು ಹರಿಯಲಿ ಅಂತ ಮಾಡಿದ ದಾರಿ ಮನೆಗಳೊಳಗೆ ನೀರು ಕಳಿಸಲು ಶುರು ಮಾಡುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಟಾರು ಹಾಕುವ ಟೆಂಡರ್‌ನಲ್ಲಿ ಚರಂಡಿಯ ಮಾತೇ ಇರುವುದಿಲ್ಲ, ಚರಂಡಿಯ ವರದಿಯಲ್ಲಿ ಟಾರಿನ ಮಾತು ಇರುವುದಿಲ್ಲ. ಅದಕ್ಕೇ ಈಗ ನನ್ನ ಪ್ರತಿ ಡ್ರಾಯಿಂಗ್‌ನಲ್ಲೂ, ಪ್ರತಿ ರಸ್ತೆಯ ಪಕ್ಕ, ಟಾರಿನ ಮೇಲ್ಮೈ ಯಾವತ್ತೂ ದಾಟಬಾರದ ಎತ್ತರವನ್ನು ಕೆಂಪು ಅಕ್ಷರದಲ್ಲಿ ಬರೆಯುತ್ತೇನೆ. ಕಳೆದ ಮೀಟಿಂಗ್‌ನಲ್ಲಿ ರಸ್ತೆ ವಿಭಾಗದ ಎಂಜಿನಿಯರ್ ಒಬ್ಬರು ಆ ಕೆಂಪು ಅಂಕಿ ನೋಡಿ ಇದೇನು ಅಂತ ಕೇಳಿದರು. ವಿವರಿಸಿದೆ. ಮುಂದಿನ ಟೆಂಡರ್‌ನಲ್ಲಿ ಹಳೆಯ ಪದರ ಕೆರೆಯುವ ಷರತ್ತು ಸೇರಿಸಬಹುದಾ ನೋಡುತ್ತೇನೆ ಅಂದಿದ್ದಾರೆ. ಷರತ್ತಿನ ಕರಡು ನಾನೇ ಬರೆದು ಕಳಿಸಿದ್ದೇನೆ.